ಅರ್ಜಿ ಹಿಡಿದು ನಿಂತ ಹಬ್ಶಿ ದಿವಾನ

ಕಪ್ಪು ಮುಖ. ಅಚ್ಚ ಆಫ್ರಿಕಾದ ಮುಖ. ಮೈಮೇಲೆ ದಖ್ಖನಿನ ದರ್ಬಾರಿ ಉಡುಪು, ಕೈಯಲ್ಲೊಂದು ಅರ್ಜಿ. 1650ರ ಸುಮಾರಿಗೆ ನಮ್ಮ ವಿಜಯಪುರದ ಚಿತ್ರಗಾರನೊಬ್ಬ ಬರೆದ ಈ ಚಿತ್ರ ಈಗ ಇರುವುದು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಸ್ಯಾನ್ ಡಿಯಾಗೊ ನಗರದ ಕಲಾ ಸಂಗ್ರಹಾಲಯದಲ್ಲಿ. ಚಿತ್ರದಲ್ಲಿ ನಿಂತವನು ಇಖ್ಲಾಸ್ ಖಾನ್. ಆದಿಲ್‌ಶಾಹಿ ರಾಜ್ಯದ ಪ್ರಧಾನಿ. ಗೋಲ್‌ಗುಂಬಜ್ ಯಾರಿಗಾಗಿ ಎದ್ದಿತೋ ಆ ಮಹಮ್ಮದ್ ಆದಿಲ್‌ಶಾಹನ ಬಲಗೈ. ಹುಟ್ಟಿನಿಂದ ಹಬ್ಶಿ, ಅಂದರೆ ಇಥಿಯೋಪಿಯಾ ಸೀಮೆಯಿಂದ ಬಂದ ಕರಿಯ.

ಒಂದು ಗಳಿಗೆ ನಿಂತು ಯೋಚಿಸಿ. ನಮ್ಮ ಸುರೇಬಾನದಿಂದ ಕೂಗಳತೆಯಲ್ಲಿ ಅಲ್ಲದಿದ್ದರೂ ಅದೇ ರಾಮದುರ್ಗ ತಾಲ್ಲೂಕಿನಲ್ಲಿ ತೊರಗಲ್ಲ ಕೋಟೆ ಇದೆ. ಆದಿಲ್‌ಶಾಹಿ ಕಾಲದಲ್ಲಿ ಈ ಸೀಮೆಯ ಆಡಳಿತವೆಲ್ಲ ನಡೆದದ್ದು ಆ ಕೋಟೆಯಿಂದ. ತೊರಗಲ್ಲದ ಕಾಗದಪತ್ರ ಹೋಗುತ್ತಿದ್ದದ್ದು ವಿಜಯಪುರಕ್ಕೆ. ವಿಜಯಪುರದಲ್ಲಿ ಕಾಗದಪತ್ರ ನೋಡುತ್ತಿದ್ದವನು ಇವನು! ಹಾಗಾದರೆ ಆ ಕೈಯಲ್ಲಿರುವ ಅರ್ಜಿ ನಮ್ಮ ಕಡೆಯದೇ ಯಾಕಾಗಿರಬಾರದು? ಮಲಪ್ರಭೆಯ ದಂಡೆಯ ಯಾವನೋ ಗೌಡ, ಯಾವನೋ ಕುಲಕರ್ಣಿ, ಈ ಸಲ ಮಳೆ ಕೈಕೊಟ್ಟಿದೆ, ತೆರಿಗೆ ಮಾಫಿ ಮಾಡಿರಿ ಎಂದು ಬರೆಸಿದ್ದೇ ಇರಬಹುದಲ್ಲ? ಚಿತ್ರಗಾರ ಅದನ್ನು ಹೇಳಿಲ್ಲ. ಆದರೆ ಈ ಮುಖ ನೋಡಿದ ಮೇಲೆ ತೊರಗಲ್ಲದ ಕೋಟೆಗೋಡೆ ಮೊದಲಿನಂತೆ ಕಾಣುವುದಿಲ್ಲ.

ಇನ್ನೊಂದು ಚಿತ್ರವಿದೆ, 1645ರ ಸುಮಾರಿನದು. ಹೈದರ್ ಅಲಿ, ಇಬ್ರಾಹಿಂ ಖಾನ್ ಎಂಬಿಬ್ಬರು ಸೇರಿ ಬರೆದದ್ದು. ಆನೆಯ ಮೇಲೆ ಸುಲ್ತಾನ, ಅದೇ ಆನೆಯ ಮೇಲೆ ಅವನ ಬೆನ್ನಿಗೆ ಇಖ್ಲಾಸ್ ಖಾನ್. ದರ್ಬಾರಿನ ಚಿತ್ರದಲ್ಲಿ ಯಾರು ಎಲ್ಲಿ ಕೂರಬೇಕು ಎಂಬುದು ಹುಡುಗಾಟದ ಮಾತಲ್ಲ. ಒಡೆಯನ ಆನೆ ಏರುವವನು ಆಳಾಗಿ ಉಳಿದಿರುವುದಿಲ್ಲ. 2015ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ದಖ್ಖನದ ಸುಲ್ತಾನರ ಕಲೆಯ ದೊಡ್ಡ ಪ್ರದರ್ಶನ ಏರ್ಪಡಿಸಿದಾಗ ವಿಜಯಪುರದ ಕುಂಚಗಳ ಮುಂದೆ ಜನ ನಿಂತು ನೋಡಿದರು. ಅವರಿಗೆ ಇದು ಹೊಸ ಲೋಕ. ನಮಗೆ ಪಕ್ಕದ ಜಿಲ್ಲೆ!

ಆಫ್ರಿಕಾದ ಹುಡುಗರು ಇಲ್ಲಿಯತನಕ ಬಂದದ್ದು ಹೇಗೆ? ಬೆರಗು ನಿಜವಾಗಿ ಶುರುವಾಗುವುದು ಇಲ್ಲಿ. ಅವರನ್ನು ತಂದದ್ದು ಬಟ್ಟೆ. ಹೌದು, ನೂಲಿನ ಬಟ್ಟೆ. ದಖ್ಖನದ ಚರಿತ್ರೆ ಬರೆದ ರಿಚರ್ಡ್ ಈಟನ್ ಇದನ್ನು ಬಿಡಿಸಿ ತೋರಿಸಿದ್ದಾರೆ. ಇಥಿಯೋಪಿಯಾದ ದೊರೆಗಳಿಗೆ, ಶ್ರೀಮಂತರಿಗೆ ಹಿಂದುಸ್ತಾನದ ಬಟ್ಟೆ ಎಂದರೆ ಪ್ರಾಣ. ಅದಕ್ಕೆ ಬದಲಾಗಿ ಅವರು ಕೊಟ್ಟದ್ದು ಬಂಗಾರ, ಆನೆದಂತ, ಮತ್ತು ಮನುಷ್ಯರು. ಕೆಂಪು ಸಮುದ್ರದ ಬಂದರುಗಳಲ್ಲಿ ಹಡಗಿನಿಂದ ಥಾನು ಇಳಿಯುತ್ತಿತ್ತು, ಹುಡುಗರು ಹತ್ತುತ್ತಿದ್ದರು. ಅರಬ್ಬೀ ಸಮುದ್ರ ದಾಟಿ ದಾಭೋಳ, ಚೌಲದಂಥ ರೇವುಗಳಿಗೆ ಬಂದು, ಅಲ್ಲಿಂದ ಘಟ್ಟ ಹತ್ತಿ ಸುಲ್ತಾನರ ದಂಡು ಸೇರುತ್ತಿದ್ದರು. ಇಂದಿಗೂ ಸುರೇಬಾನ, ಮನಿಹಾಳದ ಓಣಿಗಳಲ್ಲಿ ಮಗ್ಗದ ಸದ್ದು ಕೇಳುತ್ತದೆ. ನೇಕಾರನಿಗೆ ತನ್ನ ಸೀರೆ ಯಾವ ಪೇಟೆಗೆ ಹೋಗುತ್ತದೆ ಎಂಬುದು ಗೊತ್ತಿದ್ದರೆ ಹೆಚ್ಚು. ನಾನೂರು, ಐನೂರು ವರ್ಷಗಳ ಹಿಂದೆ ದಖ್ಖನದ ನೇಕಾರನಿಗೆ ತನ್ನ ಥಾನಿನ ಬದಲು ಕಡಲಾಚೆ ಯಾವ ತಾಯಿಯ ಮಗ ಸಂತೆಯಲ್ಲಿ ನಿಂತ ಎಂಬುದು ಎಲ್ಲಿಂದ ತಿಳಿಯಬೇಕು?

ಅಂಥ ಹುಡುಗರಲ್ಲಿ ಒಬ್ಬನ ಕತೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. 1548ರ ಸುಮಾರಿಗೆ ಇಥಿಯೋಪಿಯಾದಲ್ಲಿ ಹುಟ್ಟಿದ ಕೂಸು. ಹೆತ್ತವರೇ ಮಾರಿದರಂತೆ. ಯೆಮನ್‌ನ ಮೋಖಾ ಸಂತೆಯಲ್ಲಿ ಎಂಬತ್ತು ಡಚ್ ಗಿಲ್ಡರಿಗೆ ಕೈಬದಲಾದ. ಬಾಗ್ದಾದಿನ ಒಡೆಯನೊಬ್ಬ ಅಕ್ಷರ ಕಲಿಸಿ ಅಂಬರ್ ಎಂದು ಹೆಸರಿಟ್ಟ. ಆಮೇಲೆ ಅಹಮದ್‌ನಗರದ ಪೇಶ್ವೆ ಚಂಗೀಜ್ ಖಾನ್ ಅವನನ್ನು ಕೊಂಡ. ಆ ಪೇಶ್ವೆಯೂ ಹಬ್ಶಿಯೇ! ಅವನ ಬಳಿ ಇದ್ದ ಸಾವಿರ ಹಬ್ಶಿಗಳಲ್ಲಿ ಇವನೊಬ್ಬ. ಯಜಮಾನ ಸತ್ತ ಮೇಲೆ ಬಿಡುಗಡೆಯಾಗಿ, ಕೆಲಕಾಲ ವಿಜಯಪುರದವರ ಚಾಕರಿಯನ್ನೂ ಮಾಡಿ, ಕೊನೆಗೆ ಅಹಮದ್‌ನಗರದ ಗದ್ದುಗೆಯ ಮೇಲೆ ಯಾರು ಕೂರಬೇಕೆಂದು ತಾನೇ ಹೇಳುವ ಮಟ್ಟಕ್ಕೆ ಬೆಳೆದ ಮಲಿಕ್ ಅಂಬರ್. 1610ರಲ್ಲಿ ಖಡಕಿ ಎಂಬ ಊರು ಕಟ್ಟಿದ. ಮುಂದೆ ಔರಂಗಾಬಾದ್ ಎನಿಸಿಕೊಂಡದ್ದು ಅದೇ. ಆ ಊರಿಗೆ ನೆಲದಡಿಯ ಕಾಲುವೆಯಲ್ಲಿ ನೀರು ತಂದ. ಮೊಘಲರ ದಂಡನ್ನು ಬೆಟ್ಟಗುಡ್ಡಗಳಲ್ಲಿ ಕಾಡಿಸಿ ಕಾಡಿಸಿ ದಣಿಸಿದ.

ಜಹಾಂಗೀರನಿಗೆ ಎಷ್ಟು ಹೊಟ್ಟೆಯುರಿ ಎಂದರೆ, ರಣದಲ್ಲಿ ಆಗದ್ದನ್ನು ಕಾಗದದ ಮೇಲೆ ಮಾಡಿಸಿದ. ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಸಂಗ್ರಹದಲ್ಲಿರುವ ಆ ಚಿತ್ರ ಅಬುಲ್ ಹಸನನ ಕೈಯದು. ಬಾದಶಹ ಭೂಗೋಲದ ಮೇಲೆ ನಿಂತು ಬಿಲ್ಲು ಹೂಡಿದ್ದಾನೆ. ಎದುರಿಗೆ ಈಟಿಗೆ ಸಿಕ್ಕಿಸಿದ ಮಲಿಕ್ ಅಂಬರನ ರುಂಡ, ಅದರ ಮೇಲೊಂದು ಗೂಗೆ. ನಿಜವಾದ ಅಂಬರ್ ಮಾತ್ರ ಎಂಬತ್ತರ ಹತ್ತಿರ ಬಂದು, 1626ರಲ್ಲಿ, ತನ್ನ ಪಾಡಿಗೆ ತಾನು ಕಣ್ಣುಮುಚ್ಚಿದ. ಖುಲ್ದಾಬಾದಿನಲ್ಲಿ ಗೋರಿಯಿದೆ. ಜಗತ್ತಿನಲ್ಲೇ ದೊಡ್ಡ ಶ್ರೀಮಂತನೊಬ್ಬ, ಕೊಲ್ಲಲಾಗದ ವೈರಿಯನ್ನು ಬಣ್ಣದಲ್ಲಿ ಕೊಂದು ಸಮಾಧಾನಪಟ್ಟುಕೊಂಡ. ಸೋತವನಿಗೆ ಇದಕ್ಕಿಂತ ದೊಡ್ಡ ಸೋಲು, ಗೆದ್ದವನಿಗೆ ಇದಕ್ಕಿಂತ ದೊಡ್ಡ ಸನ್ಮಾನ ನನಗಂತೂ ಹೊಳೆಯುತ್ತಿಲ್ಲ.

ವಿಜಯಪುರದವರೂ ಅಂಬರನ ಪೆಟ್ಟು ತಿಂದವರೇ. 1624ರಲ್ಲಿ ಭಾತವಡಿಯ ಕಾಳಗದಲ್ಲಿ ಮೊಘಲ, ಆದಿಲ್‌ಶಾಹಿ ಎರಡೂ ದಂಡನ್ನು ಒಟ್ಟಿಗೆ ಮುರಿದ. ಅಲ್ಲಿಗೆ ಬಿಡದೆ, ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಆಸೆಪಟ್ಟು ಕಟ್ಟಿಸಿದ ನವರಸಪುರವನ್ನೂ ಸೂರೆಮಾಡಿದ. ಸಂಗೀತಕ್ಕೆಂದೇ ಊರು ಕಟ್ಟಿದ ಸುಲ್ತಾನನ ಊರನ್ನು ಹಬ್ಶಿ ಸೇನಾನಿ ಕೆಡವಿದ. ಅದೇ ಸುಲ್ತಾನನಿಗೆ ಲೋಕವೇ ಕಣ್ಣರಳಿಸುವಂಥ ಗೋರಿ ಎಬ್ಬಿಸಿದವನ ಹೆಸರೋ, ಮಲಿಕ್ ಸಂದಲ್. ಇಬ್ರಾಹಿಂ ರೋಜಾದ ಶಾಸನದಲ್ಲೇ ಆ ಹೆಸರಿದೆ. ಒಂದೂವರೆ ಲಕ್ಷ ಹೊನ್ನು ಖರ್ಚಾಯಿತೆಂಬ ಲೆಕ್ಕವೂ ಇದೆ. ಮಲಿಕ್ ಸಂದಲ್ ಕೂಡ ಹಬ್ಶಿ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಕಿಟಕಿಗಳಲ್ಲಿ ಅಕ್ಷರಗಳನ್ನೇ ಜಾಲಂಧ್ರವಾಗಿ ಕೊರೆಸಿ ಕಲ್ಲಿನೊಳಗಿಂದ ಬೆಳಕು ಸೋಸಿದ ಆ ಕಟ್ಟಡವನ್ನು ಶಾಲೆಯ ಪ್ರವಾಸದಲ್ಲಿ ನಮ್ಮ ಮಕ್ಕಳೆಲ್ಲ ನೋಡಿದ್ದಾರೆ. ಕಟ್ಟಿಸಿದವನ ಹೆಸರನ್ನು ಎಷ್ಟು ಮೇಷ್ಟ್ರು ಹೇಳಿದ್ದಾರೋ!

ಇಷ್ಟಕ್ಕೇ ಮುಗಿಯಲಿಲ್ಲ. ವಿಜಯಪುರದ ಜಾಮಿ ಮಸೀದಿಯೊಳಗೆ ಪಶ್ಚಿಮದ ಗೋಡೆಯ ಮಿಹ್ರಾಬ್ ಇದೆ. 1636ರಲ್ಲಿ ಅದಕ್ಕೆ ಬಣ್ಣ, ಬಂಗಾರ ತುಂಬಿದವನು ಯಾಕುತ್ ದಾಬೂಲಿ. ಬರೀ ಗೋಡೆ ಅದು, ಆದರೆ ಅದರೊಳಗೆ ಗೂಡುಗಳಿವೆ, ಗೂಡಿನಲ್ಲಿ ಪುಸ್ತಕಗಳಿವೆ, ಹೂದಾನಿಗಳಿವೆ. ಕೈಚಾಚಿದರೆ ಸಿಗಬೇಕು ಅನ್ನುವ ಹಾಗೆ. ಎಲ್ಲ ಕಣ್ಕಟ್ಟು. ತಾನು ಸುಲ್ತಾನನ ಗುಲಾಮ ಎಂದು ಅವನೇ ಅಲ್ಲಿ ಬರೆದುಕೊಂಡಿದ್ದಾನೆ. ಯಾಕುತ್, ಅಂಬರ್, ಸಂದಲ್, ಕಾಫೂರ್, ರೈಹಾನ್: ರತ್ನದ, ಗಂಧದ ಇಂಥ ಹೆಸರುಗಳನ್ನು ಆ ಕಾಲದಲ್ಲಿ ಗುಲಾಮರಿಗೆ ಇಡುತ್ತಿದ್ದರು. ಮಾರಾಟದ ಮಾಲಿಗೆ ಸುಗಂಧದ ಹೆಸರು. ಆ ಚಂದದ ಹೆಸರಿನ ಹಿಂದೆ ಅಳಿಸಿಹೋದ, ತಾಯಿ ಇಟ್ಟ ಹೆಸರೊಂದು ಇರುತ್ತದೆ ಎಂಬುದನ್ನು ಮರೆಯಬಾರದು. ದಿವಾನನಾದವನಿಗೆ ಚಿತ್ರ ಸಿಕ್ಕಿತು, ಕಟ್ಟಡ ಕಟ್ಟಿದವನಿಗೆ ಶಾಸನ ಸಿಕ್ಕಿತು. ಲಾಯದಲ್ಲಿ ಕುದುರೆ ತಿಕ್ಕುತ್ತ ಮುದುಕರಾದ ನೂರಾರು ಹಬ್ಶಿಗಳಿಗೆ ಏನೂ ಸಿಗಲಿಲ್ಲ.

ಈ ಕತೆಯನ್ನೆಲ್ಲ ಒಂದೆಡೆ ಕೂಡಿಸಿ ಲೋಕಕ್ಕೆ ತೋರಿಸಿದ್ದು ಕರಿಯರ ಊರೇ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಶೋಂಬರ್ಗ್ ಕೇಂದ್ರವಿದೆ, ಕಪ್ಪುಜನರ ಚರಿತ್ರೆಗೆಂದೇ ಮೀಸಲಾದ ಗ್ರಂಥಾಲಯ. ಅಮೆರಿಕದಲ್ಲಿ ಫೆಬ್ರವರಿಯನ್ನು ಕಪ್ಪುಜನರ ಚರಿತ್ರೆಯ ತಿಂಗಳಾಗಿ ಆಚರಿಸುತ್ತಾರೆ. 1926ರಲ್ಲಿ ಕಾರ್ಟರ್ ವುಡ್‌ಸನ್ ಒಂದು ವಾರದ ಆಚರಣೆಯಾಗಿ ಶುರುಮಾಡಿದ್ದು ಮುಂದೆ ತಿಂಗಳಾಯಿತು. 2013ರ ಫೆಬ್ರವರಿಯಲ್ಲಿ ಶೋಂಬರ್ಗ್ ಕೇಂದ್ರ ಭಾರತದ ಆಫ್ರಿಕನ್ನರ ಮೇಲೊಂದು ಪ್ರದರ್ಶನ ತೆರೆಯಿತು. ಸಿಲ್ವಿಯಾನ್ ದಿಯೂಫ್, ಕೆನೆತ್ ರಾಬಿನ್ಸ್ ಇಬ್ಬರೂ ಸೇರಿ ಜೋಡಿಸಿದ್ದು. ಗುಲಾಮಗಿರಿಯೆಂದರೆ ಸರಪಳಿ, ಚಾಟಿ, ಹತ್ತಿಹೊಲ ಎಂದಷ್ಟೇ ಕೇಳಿ ಬೆಳೆದವರಿಗೆ ಗೋಡೆಯ ಮೇಲೆ ಸೇನಾಪತಿ, ಪ್ರಧಾನಿ, ನವಾಬರಾದ ಕರಿಯರು ಎದುರಾದರು. ಮರುವರ್ಷ ಆ ಪ್ರದರ್ಶನ ದೆಹಲಿಗೂ ಬಂತು.

ದೆಹಲಿಯಿಂದ ಮುಂದಕ್ಕೆ ಖಾನಾಪುರಕ್ಕೆ ಬರಬೇಕಿತ್ತು ನೋಡಿ. ಯಾಕೆಂದರೆ ಕತೆಯ ಇನ್ನರ್ಧ ಇರುವುದು ಅಲ್ಲಿ, ನಮ್ಮದೇ ಬೆಳಗಾವಿ ಜಿಲ್ಲೆಯ ಕಾಡಿನಲ್ಲಿ. ಆದಿಲ್‌ಶಾಹಿ ದಂಡಿನ ಹಬ್ಶಿಗಳು ಬಂದದ್ದು ಒಂದು ದಾರಿ. ಗೋವೆಯ ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಹಡಗಿನಲ್ಲಿ ತುಂಬಿ ತಂದದ್ದು ಇನ್ನೊಂದು. ಒಡೆಯನ ಮನೆಯಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಹೊಕ್ಕರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಇತ್ತ ಖಾನಾಪುರ, ಕಲಘಟಗಿ. ಇವರೇ ಸಿದ್ದಿಗಳು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ. 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಇವರ ಮೂಲವನ್ನು ಆಫ್ರಿಕಾದ ಬಂಟು ಜನರವರೆಗೆ ಹಿಂಬಾಲಿಸಿತು.

ಕಿತ್ತೂರು ಸೀಮೆಯವರಿಗೆ ಇಲ್ಲೊಂದು ಪುಳಕ ಕಾದಿದೆ. ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿ ರಾಯಣ್ಣನ ಹೆಸರು ಕೇಳಿದರೆ ಈಗಲೂ ನಮ್ಮ ಊರುಗಳಲ್ಲಿ ಎದೆ ಉಬ್ಬುತ್ತದೆ. ಅವನ ಜತೆಗಾರರ ಹೆಸರು ಎಣಿಸುವಾಗ ಗಜವೀರ ಎಂಬ ಹೆಸರು ಬರುತ್ತದಲ್ಲ, ಆ ಗಜವೀರ ಸಿದ್ದಿ! ಕಂಪನಿ ಸರಕಾರದ ವಿರುದ್ಧ ರಾಯಣ್ಣ ಬಂಡೆದ್ದಾಗ ಆಸರೆಯಾದದ್ದು ಆ ಪಡುವಣ ಕಾಡು. ಕಾಡಿನ ಒಳದಾರಿ ಬಲ್ಲವರು ಸಿದ್ದಿಗಳು. 1831ರ ಜನವರಿಯಲ್ಲಿ ರಾಯಣ್ಣನನ್ನು ನೇಣಿಗೇರಿಸಿದ ನಂದಗಡ ಇರುವುದೂ ಅದೇ ಖಾನಾಪುರ ತಾಲ್ಲೂಕಿನಲ್ಲಿ. ಕಿತ್ತೂರು ಉತ್ಸವದ ಭಾಷಣಗಳಲ್ಲಿ ಚನ್ನಮ್ಮನ ಖಡ್ಗ ಮಿಂಚುತ್ತದೆ, ರಾಯಣ್ಣನ ಕಂಬಳಿ ಹಾರುತ್ತದೆ. ಗಜವೀರನ ಪಾಲಿಗೆ ಒಂದು ವಾಕ್ಯ ದಕ್ಕಿದರೆ ಅದೇ ದೊಡ್ಡದು.

ಕಾನೂನು ಕೂಡ ಅವರನ್ನು ತಡವಾಗಿ ಕಂಡಿತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಆದರೆ ಜಿಲ್ಲೆಯ ಗಡಿಕಲ್ಲು ದಾಟಿದ ಕೂಡಲೇ, ಖಾನಾಪುರದ ಸಿದ್ದಿ, ಕಲಘಟಗಿಯ ಸಿದ್ದಿ ಪಂಗಡದ ಹೊರಗೆ! ಅದೇ ಕಾಡು, ಅದೇ ನೆಂಟಸ್ತಿಕೆ, ಅಣ್ಣ ಒಳಗೆ, ತಮ್ಮ ಹೊರಗೆ. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳನ್ನು ಸೇರಿಸಿದ ತಿದ್ದುಪಡಿಗೆ ಸಂಸತ್ತಿನ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಆ ಮನೆಯ ಮೆಟ್ಟಿಲು ಹತ್ತಿದ ಮೊದಲ ಸಿದ್ದಿ ಅವರು.

ಇನ್ನು ನನ್ನನ್ನು ನಿಜವಾಗಿ ಬೆಕ್ಕಸಬೆರಗಾಗಿಸಿದ ಸಂಗತಿಗೆ ಬರುತ್ತೇನೆ. ಅದು ಅರಮನೆಯದಲ್ಲ, ಹಾಸಿಗೆಯದು. ಕೌದಿ! ಹಳೇ ಸೀರೆ, ಹರಿದ ಧೋತರ, ಮಕ್ಕಳ ಚಿಕ್ಕದಾದ ಅಂಗಿ, ಎಲ್ಲ ಸೇರಿಸಿ ಮನೆಯ ಅವ್ವ, ಆಯಿ ಹೊಲಿಯುವ ಕೌದಿ ಇಲ್ಲದ ಮನೆ ನಮ್ಮ ಕಡೆ ಎಲ್ಲಿದೆ? ಸಿದ್ದಿ ಹೆಂಗಸರೂ ಹೊಲಿಯುತ್ತಾರೆ. ಅವರದು ಕವಂದಿ. ಕೆಳಗೆ ಒಂದು ಹಳೇ ಸೀರೆ ಹಾಸಿ, ಅಂಚಿನಿಂದ ತುಂಡು ಜೋಡಿಸುತ್ತ, ಸಾಲುಹೊಲಿಗೆ ಹಾಕುತ್ತ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಮೊದಲೇ ಬರೆದಿಟ್ಟುಕೊಂಡ ನಕ್ಷೆಯಿಲ್ಲ, ಅಳತೆಪಟ್ಟಿಯಿಲ್ಲ. ಕೈಗೆ ಸಿಕ್ಕ ಕೆಂಪು, ಅದರ ಪಕ್ಕ ಕಣ್ಣಿಗೆ ಬೇಕೆನಿಸಿದ ಹಳದಿ. ಕೊನೆಗೆ ನಾಲ್ಕು ಮೂಲೆಗೂ ಮುಮ್ಮೂಲೆಯಾಗಿ ಮಡಚಿದ ಬಟ್ಟೆಯ ಹೂವುಗಳು. ಅವನ್ನು ಫೂಲಾ ಅನ್ನುತ್ತಾರೆ. ಫೂಲಾ ಇಲ್ಲದ ಕವಂದಿ ಮೈಮೇಲೆ ಬಟ್ಟೆಯಿಲ್ಲದ ಹಾಗೆ, ಪೂರ್ತಿಯಾಗಿಲ್ಲ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್, ಆಫ್ರಿಕಾದ ಕಲೆಯನ್ನೇ ಆಯುಷ್ಯವಿಡೀ ಓದಿದವರು, ಉತ್ತರ ಕನ್ನಡದ ಸಿದ್ದಿ ಹಾಡಿಗಳಿಗೆ ಬಂದು ಅಂಗಳದಲ್ಲಿ ಒಣಗಲು ಹಾಕಿದ್ದ ಈ ಬಣ್ಣಗಳನ್ನು ಕಂಡು ನಿಂತುಬಿಟ್ಟರು. 2004ರಲ್ಲಿ ಸಿದ್ದಿ ಮಹಿಳೆಯರ ಕವಂದಿ ಸಹಕಾರ ಸಂಘ ಹುಟ್ಟಿತು. 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಆಫ್ರಿಕನ್ ವಲಸಿಗರ ಮ್ಯೂಸಿಯಂ ಗೋಡೆಯ ಮೇಲೆ ಆ ಕವಂದಿಗಳು ಏರಿದವು! ಮಗು ಉಚ್ಚೆ ಹೊಯ್ದ ಕೌದಿ, ದನದ ಕೊಟ್ಟಿಗೆಯ ಪಕ್ಕ ಹಾಸಿ ಮಲಗಿದ ಕೌದಿ, ವಿದ್ಯುತ್ ದೀಪದ ಬೆಳಕಿನಲ್ಲಿ ಕಲಾಕೃತಿಯಾಗಿ ನಿಂತಿತು. ನೋಡಬಂದ ಅಮೆರಿಕದ ಕಪ್ಪುಜನರಲ್ಲಿ ಎಷ್ಟೋ ಮಂದಿಗೆ ಇವು ಎಲ್ಲೋ ನೋಡಿದಂತೆ ಅನ್ನಿಸಿದ್ದರೆ ಅದರಲ್ಲಿ ಸೋಜಿಗವಿಲ್ಲ. ಯಾಕೆಂದರೆ ಅವರ ಅಜ್ಜಿಯರೂ ಹೊಲಿದವರೇ.

ಅಲಬಾಮಾ ರಾಜ್ಯದಲ್ಲಿ ಗೀಸ್ ಬೆಂಡ್ ಎಂಬ ಹಳ್ಳಿಯಿದೆ. ನದಿ ಬಳಸಿ ಹರಿದ ನಡುವಿನ ತುಂಡು ನೆಲ. ಹತ್ತಿ ತೋಟದ ಗುಲಾಮರ ಮೊಮ್ಮಕ್ಕಳು ಅಲ್ಲಿ ಈಗಲೂ ಇದ್ದಾರೆ. ಅವರ ಹೆಂಗಸರು ಹೊಲದಲ್ಲಿ ಸವೆದ ಪ್ಯಾಂಟು, ಹಿಟ್ಟಿನ ಚೀಲ ಹರಿದು ಹೊಲಿದ ಕೌದಿಗಳು 2002ರಲ್ಲಿ ಮ್ಯೂಸಿಯಂಗೆ ಬಂದಾಗ ಇಡೀ ಅಮೆರಿಕ ಹುಬ್ಬೇರಿಸಿತು. 2006ರಲ್ಲಿ ಅಂಚೆಚೀಟಿಯ ಮೇಲೂ ಬಂದವು. ಗೀಸ್ ಬೆಂಡಿನ ಕೌದಿ, ಯಲ್ಲಾಪುರದ ಕವಂದಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ: ಗೆರೆ ಸೊಟ್ಟ, ಅಳತೆ ತಪ್ಪು, ಬಣ್ಣ ಮಾತ್ರ ಎದೆಗೆ ಹೊಡೆಯುವಂಥದ್ದು. ಇದು ರಕ್ತದಲ್ಲಿ ಬಂದದ್ದೆಂದು ಹೇಳಲು ನನಗೆ ಧೈರ್ಯವಿಲ್ಲ. ಬಡತನವೂ ಕೈಗೆ ಇಂಥದೇ ಕುಶಲತೆ ಕಲಿಸುತ್ತದೆ. ಸುರೇಬಾನದ ಆಯಿಗೆ ಆಫ್ರಿಕಾದ ಅಜ್ಜಿಯಿಲ್ಲದೆಯೂ ಅದು ಬಂದಿದೆಯಲ್ಲ.

ಆದರೆ ಹತ್ತಿಯ ನಂಟು ಮಾತ್ರ ಊಹೆಯದಲ್ಲ. ಇಲ್ಲಿ ಕೇಳಿ, ಕುರ್ಚಿಯಿಂದ ಎದ್ದು ನಿಲ್ಲುವಂಥ ಮಾತು ಇದು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ತೋಟಗಾರರನ್ನು ಕರೆಸಿ, ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಹೊಲ ಮಾಡಿಸಿ, ನ್ಯೂ ಆರ್ಲಿಯನ್ಸ್ ಜಾತಿಯ ಹತ್ತಿ ಬಿತ್ತಿಸಿತು. ಆ ಬೀಜ ಅಲ್ಲಿ ಬೆಳೆಯುತ್ತಿದ್ದದ್ದು ಆಫ್ರಿಕಾದ ಗುಲಾಮರ ಬೆವರಿನಲ್ಲಿ. ಇಲ್ಲಿಯ ಎರೆಭೂಮಿಗೆ ಒಗ್ಗಿಕೊಂಡು ಅದಕ್ಕೆ ಧಾರವಾಡ ಅಮೆರಿಕನ್ ಎಂದೇ ಹೆಸರಾಯಿತು. 1861ರಲ್ಲಿ ಅದೇ ಗುಲಾಮಗಿರಿಯ ಪ್ರಶ್ನೆಗೆ ಅಮೆರಿಕದಲ್ಲಿ ಉತ್ತರ, ದಕ್ಷಿಣ ಹೊಡೆದಾಟಕ್ಕಿಳಿದವು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿತು. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯಿಲ್ಲ! ಎಲ್ಲರ ಕಣ್ಣೂ ನಮ್ಮ ಕರಿಮಣ್ಣಿನ ಮೇಲೆ ಬಿತ್ತು. ನರಗುಂದದ ಬಾಬಾಸಾಹೇಬರ ಬಂಡಾಯ ಅಡಗಿ ಮೂರು ವರ್ಷವಾಗಿತ್ತಷ್ಟೇ. ಅದೇ ಸೀಮೆಯಲ್ಲಿ ಹತ್ತಿಗೆ ಬಂಗಾರದ ಬೆಲೆ ಬಂತು. ಸಾಗಿಸಲೆಂದು ಮ್ಯಾಂಚೆಸ್ಟರಿನವರು ಕಾರವಾರದ ಬಂದರಿನ ಮೇಲೆ ಕಣ್ಣಿಟ್ಟರು. 1865ರಲ್ಲಿ ಯುದ್ಧ ಮುಗಿಯಿತು, ಗುಲಾಮರು ಬಿಡುಗಡೆಯಾದರು, ಇಲ್ಲಿ ದರ ಬಿತ್ತು. ಮಿಸಿಸಿಪ್ಪಿಯ ದಂಡೆಯ ಕರಿಯನ ಹಣೆಬರಹ, ಮಲಪ್ರಭೆಯ ಬಯಲಿನ ಒಕ್ಕಲಿಗನ ಹಣೆಬರಹ ಒಂದೇ ತಕ್ಕಡಿಯಲ್ಲಿ ತೂಗಿದ ದಿನಗಳವು. ಇವನಿಗೆ ಅವನು ಗೊತ್ತಿಲ್ಲ, ಅವನಿಗೆ ಇವನು ಗೊತ್ತಿಲ್ಲ.

ಆದರೆ ಆಫ್ರಿಕಾವೂ ಕನ್ನಡವೂ ಒಂದನ್ನೊಂದು ಗೊತ್ತುಮಾಡಿಕೊಂಡ ಜಾಗ ಒಂದಿದೆ. ಯಲ್ಲಾಪುರ ತಾಲ್ಲೂಕಿನ ಮಂಚೀಕೇರಿ. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಜನಸ್ಪಂದನ ಯೋಜನೆಯಲ್ಲಿ ಚಿದಂಬರರಾವ್ ಜಂಬೆ ಸಿದ್ದಿಗಳನ್ನು ಕೂಡಿಸಿ ನಾಟಕ ಕಟ್ಟಿದರು. ಯಾವ ನಾಟಕ ಅಂತೀರಿ? ನೈಜೀರಿಯಾದ ಚಿನುವ ಅಚಿಬೆ 1958ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಆಧರಿಸಿದ ‘ಕಪ್ಪು ಜನ ಕೆಂಪು ನೆರಳು’. ಬಿಳಿಯರು ಬಂದು ಒಡೆದುಹಾಕಿದ ಆಫ್ರಿಕಾದ ಹಳ್ಳಿಯ ಕತೆಯನ್ನು, ಎಂದೋ ಆಫ್ರಿಕಾದಿಂದ ಕಿತ್ತು ತಂದವರ ಮೊಮ್ಮಕ್ಕಳು, ಘಟ್ಟದ ಕಾಡಿನ ನಡುವೆ, ಕನ್ನಡದಲ್ಲಿ ಆಡಿದರು. ಅವರಲ್ಲಿ ಎಷ್ಟೋ ಮಂದಿ ಅಲ್ಲಿಯವರೆಗೆ ರಂಗದ ಮೇಲೆ ಕಾಲಿಟ್ಟವರೇ ಅಲ್ಲ. ಆಮೇಲೆ ಸಿದ್ದಿಗಳಿಂದ ಒಂದು ತಲೆಮಾರಿನ ನಟರೇ ಹೊರಟರು. ಇಂದು ಕನ್ನಡ ರಂಗಭೂಮಿಯಲ್ಲೂ ಸಿನಿಮಾದಲ್ಲೂ ಅವರಿದ್ದಾರೆ. ಪ್ರಪಂಚದ ಯಾವ ಮ್ಯೂಸಿಯಂ ಕೂಡ ಆ ರಾತ್ರಿಯನ್ನು ಗಾಜಿನ ಪೆಟ್ಟಿಗೆಯೊಳಗೆ ಇಡಲಾರದು.

ಡಬ್ಲಿನ್ ದೂರ, ಸ್ಯಾನ್ ಡಿಯಾಗೊ ಇನ್ನೂ ದೂರ. ವಿಜಯಪುರ ಹಾಗಲ್ಲ. ರಾಮದುರ್ಗ, ಲೋಕಾಪುರ, ಬಾಗಲಕೋಟೆ ಹಾದು ಬೆಳಗಿನ ಬಸ್ಸಿಗೆ ಹೊರಟರೆ ಮಧ್ಯಾಹ್ನದೊಳಗೆ ಗೋಲ್‌ಗುಂಬಜ್ ಮುಂದೆ ಇಳಿಯಬಹುದು. ಅದರೆದುರಿನ ನಗಾರಖಾನೆಯಲ್ಲೇ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ, 1892ರಲ್ಲಿ ಶುರುವಾದದ್ದು. ಶಾಸನ, ಆಯುಧ, ಜಮಖಾನ, ಚೀನೀ ಪಿಂಗಾಣಿ, ಕಿರುಚಿತ್ರ ಎಲ್ಲ ಅಲ್ಲಿವೆ. ಗುಂಬಜದೊಳಗೆ ಕೂಗಿ ಪ್ರತಿಧ್ವನಿ ಕೇಳುವ ಆತುರದಲ್ಲಿ ಇದನ್ನು ಬಿಟ್ಟುಬರಬೇಡಿ. ಅಲ್ಲಿಂದ ಟಾಂಗಾ ಹಿಡಿದು ಜಾಮಿ ಮಸೀದಿ, ಆಮೇಲೆ ಊರ ಪಡುವಣ ಅಂಚಿನ ಇಬ್ರಾಹಿಂ ರೋಜಾ. ಶುಕ್ರವಾರ ಬೇಡ, ಅಂದು ಸಂಗ್ರಹಾಲಯಕ್ಕೆ ರಜೆ, ಮಸೀದಿಯಲ್ಲಿ ನಮಾಜಿನ ಗದ್ದಲ. ಮಿಹ್ರಾಬದ ಮುಂದೆ ಪರದೆ ಇಳಿಬಿಟ್ಟಿದ್ದರೆ ಅಲ್ಲಿಯ ಹಿರಿಯರನ್ನು ಕೇಳಿ, ಯಾಕುತನ ಕೆಲಸ ನೋಡಬೇಕಿತ್ತು ಅಜ್ಜಾರ, ಅನ್ನಿ.